ಕರಿ ಹಕ್ಕಿ ನೋಡೋಕೆ 8×42 ಬೈನಾಕ್ಯುಲರ್: ಒಂದು ಚಳಿಗಾಲ ಬಳಸಿದ ಮೇಲೆ

ಎಂಟೂವರೆ ಸಾವಿರ ಕೊಟ್ಟು ಆನ್‌ಲೈನ್‌ನಲ್ಲಿ ತರಿಸಿದ್ದು. 8 ಅಂದರೆ ಎಂಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. ಕಲಬುರಗಿ ಸುತ್ತಿನ ತೊಗರಿ ಹೊಲಗಳಲ್ಲಿ, ಎರಡು ಸಲ ಸುರಪುರದ ಹತ್ತಿರದ ಬೋನಾಳ ಕೆರೆಯಲ್ಲಿ ಬಳಸಿದೆ. ಬಾತು, ಕೊಕ್ಕರೆಯನ್ನು ಯಾವ ಬೈನಾಕ್ಯುಲರ್ ಆದರೂ ತೋರಿಸುತ್ತದೆ ಬಿಡಿ. ಬೆಳ್ಳನೆ ಆಕಾಶದಲ್ಲಿ ಸುತ್ತುವ ಕರಿ ಹಕ್ಕಿಯನ್ನು ತೋರಿಸಬೇಕು, ಆಗ ಅದರ ಯೋಗ್ಯತೆ ಗೊತ್ತಾಗೋದು.

ಜನವರಿಯಲ್ಲಿ ತೊಗರಿ ರಾಶಿ ನಡೆದಿತ್ತು. ಕಣದ ಮೇಲೆ ಎಂಟ್ಹತ್ತು ಹದ್ದು (ಇಂಗ್ಲಿಷ್‌ನಲ್ಲಿ ಕೈಟ್) ಸುತ್ತುತ್ತಿದ್ದವು, ಅದರಲ್ಲಿ ಒಂದು ಸ್ವಲ್ಪ ಗಿಡ್ಡ, ಮೈಯೆಲ್ಲ ಕಾಫಿ ಪುಡಿ ಬಣ್ಣ. "ಹದ್ದ ಅದ ಬಿಡ್ರಿ ಸರ" ಅಂದರು ಹೊಲದವರು. ನನಗೂ ಹಾಗೇ ಅನಿಸಿತ್ತು. ಹದ್ದಿನ ಬಾಲ ಕವಲು, ಇದರದ್ದು ನೇರ, ಆದರೆ ಹದ್ದು ಬಾಲವನ್ನು ಬೀಸಣಿಗೆ ಥರ ಅಗಲಿಸಿದರೆ ಕವಲು ಮಾಯವಾಗುತ್ತದೆ, ಹಾಗಾಗಿ ಬಾಲ ಒಂದನ್ನೇ ನಂಬೋಕಾಗಲ್ಲ. ಹಕ್ಕಿ ನಮ್ಮ ಕಡೆ ತಿರುಗಿದಾಗ ಕತ್ತಿನ ಎರಡೂ ಪಕ್ಕ, ರೆಕ್ಕೆ ಶುರುವಾಗುವಲ್ಲಿ, ವಿಭೂತಿ ಬೊಟ್ಟಿಟ್ಟ ಹಾಗೆ ಎರಡು ಬಿಳಿ ಚುಕ್ಕೆ ಕಂಡವು. ಹದ್ದಲ್ಲ, ಬೂಟೆಡ್ ಈಗಲ್! ಆ ಚುಕ್ಕೆಗಳೇ ಇದರ ಗುರುತು. ಕಾಲ್ಬೆರಳ ತನಕ ಪುಕ್ಕ ಇರೋದಕ್ಕೆ ಆ ಹೆಸರು. ಚಳಿಗಾಲಕ್ಕೆ ಬರುವ ಅತಿಥಿ. ಇದರಲ್ಲಿ ಹೊಟ್ಟೆ ಬೆಳ್ಳಗಿರುವುದೇ ಜಾಸ್ತಿ, ಹೀಗೆ ಪೂರ್ತಿ ಕಪ್ಪಾಗಿರುವುದು ಕಡಿಮೆ. ಬೇರೆ ಜಾತಿಯೇನಲ್ಲ, ವಯಸ್ಸಾಗಿ ಕಪ್ಪಾದದ್ದೂ ಅಲ್ಲ, ಹುಟ್ಟಿನಿಂದಲೇ ಹಾಗೆ.

ಆ ಚುಕ್ಕೆ ಕಾಣೋಕೆ ಹತ್ತು ನಿಮಿಷ ಒದ್ದಾಡಿದೆ. ತಪ್ಪು ಬೈನಾಕ್ಯುಲರ್‌ದೇ. ಬೆಳಕಿಗೆ ಎದುರಾಗಿ ಹಿಡಿದರೆ ರೆಕ್ಕೆಯ ಅಂಚಿಗೆ ನೇರಳೆ ಗೆರೆ ಬರುತ್ತದೆ. ಅಗ್ಗದ ಗಾಜು ಎಲ್ಲ ಬಣ್ಣವನ್ನೂ ಒಂದೇ ಕಡೆ ಕೂಡಿಸಲ್ಲ, ಅದಕ್ಕೆ ಹೀಗೆ. ಬಣ್ಣ ಹೀಗೆ ಚದುರದಂತೆ ಮಾಡಿದ ವಿಶೇಷ ಗಾಜು, ಅಂದರೆ ED ಗ್ಲಾಸ್, ಇರುವುದರಲ್ಲಿ ಈ ನೇರಳೆ ಗೆರೆ ಕಡಿಮೆ, ರೇಟು ಮಾತ್ರ ಜಾಸ್ತಿ. ಕೊನೆಗೆ ಸೂರ್ಯನಿಗೆ ಬೆನ್ನು ಮಾಡಿ ಬದುವಿನ ಆಚೆ ಹೋಗಿ ನಿಂತ ಮೇಲೆ ಎಲ್ಲ ಸರಿ ಕಂಡಿತು. ಬಲಗಣ್ಣಿಗೆ ಫೋಕಸ್ ಹೊಂದಿಸುವ ರಿಂಗ್ ಬೇರೆ ಸಡಿಲ, ಚೀಲದಿಂದ ತೆಗೆದಾಗಲೆಲ್ಲ ತಿರುಗಿರುತ್ತದೆ. ನಾನೀಗ ಅದಕ್ಕೆ ಟೇಪ್ ಸುತ್ತಿದ್ದೇನೆ.

10×42 ತಗೊಳ್ಳಲಾ ಅಂತ ಗೆಳೆಯರು ಕೇಳುತ್ತಾರೆ. ಬೇಡ. ಕೈ ನಡುಕ ಜಾಸ್ತಿ ಕಾಣುತ್ತದೆ, ಸುತ್ತುವ ಹಕ್ಕಿ ಚೌಕಟ್ಟಿನಿಂದ ತಪ್ಪಿಸಿಕೊಳ್ಳುತ್ತದೆ. 8 ಸಾಕು.

ಐದಕ್ಕೆ ಮೂರು. ಮುಚ್ಚಳಗಳೂ ಸಡಿಲ, ಒಂದು ಬೋನಾಳದ ನೀರಲ್ಲೇ ಉಳಿದಿದೆ.