ಎರಡು ಮಳೆಗಾಲ ಕಂಡ ಫೈಬರ್ ಕನೆಕ್ಷನ್: ಸ್ಪೀಡ್ ಸರಿ, ಕಂಬದ ಮೇಲಿನ ವೈರಿನದೇ ತಲೆನೋವು

ಬನಶಂಕರಿ ಕಡೆ ಲೋಕಲ್ ಕೇಬಲ್‌ನವರ ಫೈಬರ್ ಇಂಟರ್ನೆಟ್ ಹಾಕಿಸಬೇಕಾ ಬೇಡವಾ ಅಂತ ಯೋಚಿಸುತ್ತಿರುವವರಿಗೆ ಇದು. ಕಂಪನಿ ಹೆಸರು ಬರೆದು ಪ್ರಯೋಜನ ಇಲ್ಲ. ಅದೇ ಕಂಪನಿಯ ಲೈನ್ ಒಂದು ಬೀದಿಯಲ್ಲಿ ಸೊಗಸಾಗಿ ಓಡುತ್ತದೆ, ಪಕ್ಕದ ಬೀದಿಯಲ್ಲಿ ಕೈ ಕೊಡುತ್ತದೆ. ಎಲ್ಲಾ ಆ ಏರಿಯಾ ನೋಡಿಕೊಳ್ಳುವ ಹುಡುಗನ ಮೇಲೆ.

ನಮ್ಮದು 100 ಎಂಬಿಪಿಎಸ್ ಪ್ಲಾನ್. ಲ್ಯಾನ್ ಕೇಬಲ್ ಹಾಕಿ ನೋಡಿದರೆ ಹೆಚ್ಚುಕಮ್ಮಿ ಅಷ್ಟೂ ಬರುತ್ತದೆ. ಡೌನ್‌ಲೋಡ್ ಮಾಡುವಾಗ ಸೆಕೆಂಡಿಗೆ 12 ಎಂಬಿ ಅಂತ ತೋರಿಸಿದರೆ ಗಾಬರಿ ಬೇಡ. ಪ್ಲಾನಿನ ಲೆಕ್ಕ ಬಿಟ್‌ನಲ್ಲಿ, ಡೌನ್‌ಲೋಡಿನದು ಬೈಟ್‌ನಲ್ಲಿ, 8 ಬಿಟ್‌ಗೆ ಒಂದು ಬೈಟ್. 100ನ್ನು 8ರಿಂದ ಭಾಗಿಸಿದರೆ ಬರುವುದೇ ಹೆಚ್ಚುಕಮ್ಮಿ ಅಷ್ಟು.

ತೊಂದರೆ ಶುರುವಾಗುವುದು ಏಪ್ರಿಲ್-ಮೇ ಮಳೆಯಲ್ಲಿ. ಗಾಳಿಗೆ ಕೊಂಬೆ ಬೀಳುತ್ತದೆ, ವೈರ್ ತುಂಡಾಗುತ್ತದೆ, ಮನೆಯಲ್ಲಿ ಫೈಬರ್ ಬಂದು ಸೇರುವ ರೌಟರ್ ಡಬ್ಬಿಯಲ್ಲಿ ಎಲ್‌ಒಎಸ್ ಅನ್ನುವ ಲೈಟ್ ಕೆಂಪಗೆ ಮಿನುಗುತ್ತದೆ. ಅಂದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ. ಆಗ ಸುಮ್ನೆ ಆಫ್-ಆನ್ ಮಾಡುತ್ತಾ ಕೂರಬೇಡಿ. ಹಿಂದಿರುವ ಹಳದಿ ವೈರ್ ಮಡಚಿಕೊಂಡಿದೆಯಾ ಅಂತ ಒಮ್ಮೆ ನೋಡಿ, ಇಲ್ಲದಿದ್ದರೆ ನೇರವಾಗಿ ಫೋನ್ ಮಾಡಿ.

ಬರುವ ಹುಡುಗ ಒಳ್ಳೆಯವನೇ. ಆದರೆ ಪ್ರತಿ ಸಲ "ಜಾಯಿಂಟ್ ಹಾಕಿದ್ದೀನಿ ಸಾರ್, ಈಗ ನೋಡಿ" ಅಂತ ಹೋಗಿಬಿಡುತ್ತಿದ್ದ. ಒಂದೊಂದು ಜಾಯಿಂಟಿಗೂ ಬೆಳಕು ಸ್ವಲ್ಪ ಸ್ವಲ್ಪ ಸೋರುತ್ತದೆ. ಕೊನೆಗೆ ನೆಟ್ ಇದೆ, ಆದರೆ ಮೀಟಿಂಗ್ ಮಧ್ಯೆ ಕಟ್ ಆಗುತ್ತದೆ ಅನ್ನುವ ಸ್ಥಿತಿ. ವೈರಿನಲ್ಲಿ ಬೆಳಕು ಎಷ್ಟು ಬರುತ್ತಿದೆ ಅಂತ ಅಳೆಯುವ ಪವರ್ ಮೀಟರ್ ಹಾಕಿ ತೋರಿಸಪ್ಪಾ ಅಂದೆ. ಅದರಲ್ಲಿ ಮೈನಸ್ 20 ಡಿಬಿಎಂ ಆಸುಪಾಸು ಇದ್ದರೆ ಆರಾಮ, ನಮ್ಮದು ಮೈನಸ್ 27ಕ್ಕಿಂತಲೂ ಕೆಳಗೆ ಇಳಿದಿತ್ತು, ಅಂದರೆ ಬೆಳಕು ತೀರಾ ಕಮ್ಮಿ. ಹಠ ಹಿಡಿದು ಕಂಬದಿಂದ ಮನೆವರೆಗೆ ಹೊಸ ವೈರ್ ಎಳೆಸಿದ ಮೇಲೆ ಆ ಕಾಟ ಹೋಯಿತು. ಕಸ್ಟಮರ್ ಕೇರ್ ಮಾತ್ರ ದಂಡ. ಯಾರೂ ಬರುವ ಮೊದಲೇ ಕಂಪ್ಲೇಂಟ್ ಬಗೆಹರಿದಿದೆ ಅಂತ ಮೆಸೇಜ್ ಬರುತ್ತದೆ! ಕಂಪ್ಲೇಂಟ್ ಮುಗಿಸಲು ಓಟಿಪಿ ಕೇಳಿದರೆ ಕೆಲಸ ಮುಗಿಯುವ ತನಕ ಕೊಡಬೇಡಿ.

ಹಿಂದಿನ ರೂಮಿನಲ್ಲಿ ವೈಫೈ ಬರದಿದ್ದರೆ ಕಂಪನಿಯವರನ್ನು ಬೈದು ಉಪಯೋಗ ಇಲ್ಲ. ವೈಫೈ ಎರಡು ಬ್ಯಾಂಡ್‌ಗಳಲ್ಲಿ ಬರುತ್ತದೆ. 5 ಗಿಗಾಹರ್ಟ್ಸ್ ಬ್ಯಾಂಡಿಗೆ ವೇಗ ಜಾಸ್ತಿ, ಗೋಡೆ ದಾಟಲು ಕಷ್ಟ. 2.4 ದೂರ ಹೋಗುತ್ತದೆ, ಆದರೆ ಒತ್ತೊತ್ತಾಗಿರುವ ಮನೆಗಳಲ್ಲಿ ಎಲ್ಲರ ರೌಟರ್‌ಗಳೂ ಅದರಲ್ಲೇ ಜಗಳ ಆಡುತ್ತಿರುತ್ತವೆ. ರೌಟರ್ ಸೆಟ್ಟಿಂಗ್‌ನಲ್ಲಿ 2.4ರ ಚಾನೆಲ್ 1, 6, 11ರಲ್ಲಿ ಯಾವುದು ಖಾಲಿ ಇದೆಯೋ ಅದಕ್ಕೆ ಹಾಕಿ. ಡಬ್ಬಿಯನ್ನು ಅವರು ಬಾಗಿಲ ಹತ್ತಿರವೇ ಹೊಡೆದು ಹೋಗಲು ನೋಡುತ್ತಾರೆ, ಡ್ರಿಲ್ ಹಿಡಿಯುವ ಮುಂಚೆಯೇ ಹಾಲ್ ನಡುವೆ ಬೇಕು ಅನ್ನಿ.

ಕರೆಂಟ್ ಹೋದಾಗಿನ ಕಥೆ ಬೇರೆ. ರೌಟರ್‌ಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಸಾಕು. ಯುಪಿಎಸ್ ತಗೊಳ್ಳುವ ಮುಂಚೆ ನಿಮ್ಮ ಫೈಬರ್ ವೈರ್ ಎಲ್ಲಿಂದ ಬರುತ್ತಿದೆ ಕೇಳಿ. ದಾರಿಯಲ್ಲಿ ಬರೀ ಸ್ಪ್ಲಿಟರ್, ಅಂದರೆ ಬೆಳಕನ್ನು ಹಲವು ಮನೆಗಳಿಗೆ ಹಂಚುವ ಸಾಧನ, ಇದ್ದರೆ ಅದಕ್ಕೆ ಕರೆಂಟೇ ಬೇಡ. ಯಾರದೋ ಟೆರೇಸ್ ಮೇಲೆ ಕರೆಂಟಿನಲ್ಲಿ ಓಡುವ ನೆಟ್‌ವರ್ಕ್ ಸ್ವಿಚ್ ಇಟ್ಟಿದ್ದರೆ, ಅದಕ್ಕೂ ಬ್ಯಾಕಪ್ ಇರಬೇಕು, ಇಲ್ಲದಿದ್ದರೆ ನಿಮ್ಮ ಯುಪಿಎಸ್ ಇದ್ದೂ ಏನು ಪ್ರಯೋಜನ, ಅಲ್ವಾ?

ಕನೆಕ್ಷನ್ ಬಿಡುವ ಯೋಚನೆ ಸದ್ಯಕ್ಕಿಲ್ಲ. ಆದರೆ ವರ್ಷದ ಪ್ಲಾನ್ ಅಗ್ಗ ಅಂತ ಎಷ್ಟೇ ಹೇಳಿದರೂ ಮೂರು ತಿಂಗಳದ್ದೇ ಕಟ್ಟುತ್ತಿದ್ದೇನೆ. ಆ ಹುಡುಗ ಬೇರೆ ಏರಿಯಾಗೆ ಹೋದರೆ ನಾನೂ ಬೇರೆ ಕಂಪನಿ ನೋಡಬೇಕಾಗುತ್ತದೆ.