ಹಲ್ಲು ಕೀಳುವ ಮುಂಚೆ ಅವ್ವನಿಗೆ ಕೊಟ್ಟ ಎರಡು ಮಾತ್ರೆ

ದಾವಣಗೆರೆಯವರು, ಹರಿಹರ, ಜಗಳೂರು, ಹೊಳಲ್ಕೆರೆ ಕಡೆಯಿಂದ ಹಲ್ಲು ತೋರಿಸಲು ಇಲ್ಲಿಗೆ ಬರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹಲ್ಲಿನ ಡಾಕ್ಟರ್ ಅಂದರೆ ಕೈಕಾಲು ನಡುಗುವವರು ಮನೆಯಲ್ಲಿದ್ದರೆ ಅವರಿಗೂ ಓದಿ ಹೇಳಿ. ಕ್ಲಿನಿಕ್ ಹೆಸರು ಬರೆಯುವುದಿಲ್ಲ. ಅಲ್ಲಿ ಏನಾಯಿತು ಅನ್ನುವುದು ಗೊತ್ತಾದರೆ ಸಾಕು.

ನಮ್ಮವ್ವನಿಗೆ 63 ವರ್ಷ. ಹುಡುಗಿಯಾಗಿದ್ದಾಗ ಹಳ್ಳಿಯಲ್ಲಿ ಯಾರೋ ಮರಗಟ್ಟಿಸದೆಯೇ ಹಲ್ಲು ಕಿತ್ತಿದ್ದರಂತೆ. ಇಬ್ಬರು ಹಿಡಿದುಕೊಂಡಿದ್ದರಂತೆ. ಅವತ್ತಿನಿಂದ ಅವ್ವ ಹಲ್ಲಿನ ಆಸ್ಪತ್ರೆ ಮೆಟ್ಟಿಲು ಹತ್ತಿರಲಿಲ್ಲ. ನೋವು ಬಂದಾಗೆಲ್ಲ ಲವಂಗ ಕಚ್ಚಿಕೊಂಡು ಕೂರುವುದು, ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಒಂದೇ ಕಡೆ ಅಗಿಯುವುದು, ಹೀಗೆ ವರ್ಷಗಳೇ ಕಳೆದಿದ್ದವು. ಈ ಸಲ ಕೆನ್ನೆ ಊದಿ, ಎರಡು ದಿನ ನೀರು ಕುಡಿಯಲೂ ಆಗದೆ ಹೋದಾಗ ನಾನು ಕ್ಲಿನಿಕ್‌ಗೆ ಫೋನ್ ಮಾಡಿದೆ. ಅವ್ವನ ಭಯದ ವಿಷಯ ಮೊದಲೇ ಹೇಳಿದೆ.

‘ಅದೇನು ದೊಡ್ಡದಲ್ಲ ಬಿಡಿ ಮೇಡಂ. ಭಯಕ್ಕೆ ಒಂದು ಮಾತ್ರೆ ಕೊಡ್ತೀವಿ. ನಿದ್ದೆಯಿಂದ ಏಳೋವಷ್ಟರಲ್ಲಿ ಹಲ್ಲು ಹೋಗಿರುತ್ತೆ’ ಅಂದರು.

ನನಗೆ ಎಷ್ಟು ಸಮಾಧಾನ ಆಯಿತು ಅಂದರೆ, ಮುಂದೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಬೆಳಿಗ್ಗೆ ಹತ್ತೂವರೆಗೆ ಹೋದೆವು. ಅಲ್ಲಿದ್ದ ಹುಡುಗಿ ಬಿಪಿ, ಶುಗರ್ ಇದೆಯಾ ಅಂತ ಕೇಳಿದಳು. ಇಲ್ಲ ಅಂದೆವು. ಅಷ್ಟೇ. ಬೇರೆ ಯಾವ ಮಾತ್ರೆ ತಗೊಳ್ತೀರಿ, ರಾತ್ರಿ ಗೊರಕೆ ಹೊಡೀತೀರಾ, ಒಬ್ಬರೇ ಬಂದಿದ್ದೀರಾ, ಯಾವುದನ್ನೂ ಕೇಳಲಿಲ್ಲ. ಅವ್ವ ಜೋರಾಗಿ ಗೊರಕೆ ಹೊಡೆಯುತ್ತಾರೆ. ಹಿಂದಿನ ರಾತ್ರಿ ನೆಗಡಿಗೆ ಅಂತ ನಿದ್ದೆ ಬರಿಸುವಂಥ ಮಾತ್ರೆಯನ್ನೂ ತಗೊಂಡಿದ್ದರು. ಇವೆರಡೂ ನಿದ್ದೆ ಔಷಧದ ಜೊತೆ ಸೇರಿದರೆ ಉಸಿರಾಟಕ್ಕೆ ಅಪಾಯ ಅಂತ ನನಗೆ ಗೊತ್ತಿರಲಿಲ್ಲ. ಅವರಿಗೆ ಗೊತ್ತಿರಬೇಕಿತ್ತು ಅಲ್ವಾ?

ಹೆಸರಿಲ್ಲದ ಸಣ್ಣ ಕಾಗದದ ಕವರ್‌ನಿಂದ ಒಂದು ಮಾತ್ರೆ ತೆಗೆದು ಕೊಟ್ಟರು. ಇಪ್ಪತ್ತು ನಿಮಿಷ ಆಯಿತು. ಅವ್ವ ಇನ್ನೂ ನನ್ನ ಕೈ ಬಿಗಿಯಾಗಿ ಹಿಡಿದು ‘ಒಲ್ಲೆ ಕಣವ್ವ, ಮನಿಗೆ ಹೋಗಾನ, ಬಾಳ ಹೆದರಿಕಿ ಆಗ್ತೈತಿ’ ಅನ್ನುತ್ತಲೇ ಇದ್ದರು. ಹೊರಗೆ ಇನ್ನೂ ನಾಲ್ಕು ಜನ ಕಾಯುತ್ತಿದ್ದರು. ಡಾಕ್ಟರ್ ಇಣುಕಿ ನೋಡಿ, ‘ಹತ್ತಿಲ್ಲ ಅನ್ಸುತ್ತೆ, ಇನ್ನೊಂದು ಕೊಡಮ್ಮ’ ಅಂದರು. ಇನ್ನೊಂದು ಕೊಟ್ಟರು.

ಎಲ್ಲ ಕೆಟ್ಟಿದ್ದು ಇಲ್ಲೇ. ನುಂಗುವ ಮಾತ್ರೆ ಹೊಟ್ಟೆಯಲ್ಲಿ ಕರಗಿ ರಕ್ತಕ್ಕೆ ಸೇರಿ ಮೆದುಳಿಗೆ ಹೋಗಬೇಕು. ಅದಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆವರೆಗೂ ಹಿಡಿಯಬಹುದು. ಹೊಟ್ಟೆ ತುಂಬಿದ್ದರೆ ಇನ್ನೂ ತಡ. ಇಪ್ಪತ್ತು ನಿಮಿಷಕ್ಕೆ ‘ಹತ್ತಿಲ್ಲ’ ಅಂತ ಎರಡನೆಯದು ಕೊಟ್ಟರೆ ಎರಡೂ ಒಂದರ ಹಿಂದೆ ಒಂದು ಏರಿಕೊಂಡು ಬರುತ್ತವೆ. ಒಮ್ಮೆ ನುಂಗಿದ್ದನ್ನು ವಾಪಸ್ ತೆಗೆಯಲು ಆಗುವುದಿಲ್ಲ. ವಯಸ್ಸಾದವರಿಗೆ ಮೊದಲ ಡೋಸನ್ನೇ ಕಡಿಮೆ ಮಾಡಬೇಕು, ಯಾಕಂದರೆ ಅವರ ದೇಹದಿಂದ ಔಷಧ ಹೊರಹೋಗುವುದು ನಿಧಾನ. ಡಯಾಜೆಪಾಮ್‌ನಂಥ ನಿದ್ದೆ ಮಾತ್ರೆಯಾದರೆ ಮಾರನೇ ದಿನವೂ ಮಂಪರು ಇರಬಹುದು. ಇದೆಲ್ಲ ನನಗೆ ಆಮೇಲೆ ಡಾಕ್ಟರೊಬ್ಬರು ಕೂರಿಸಿಕೊಂಡು ಹೇಳಿದ್ದು.

ಹನ್ನೊಂದೂವರೆ ಹೊತ್ತಿಗೆ ಅವ್ವ ಕುರ್ಚಿಯಲ್ಲಿ ಕುಸಿದಂತೆ ಮಲಗಿದ್ದರು. ನನ್ನನ್ನು ಹೊರಗೆ ಕೂರಿಸಿದರು. ಬಾಗಿಲ ಸಂದಿಯಿಂದ ಕಾಣುತ್ತಿತ್ತು. ಬೆರಳಿಗೆ ಆಕ್ಸಿಮೀಟರ್ ಇರಲಿಲ್ಲ. ಬಿಪಿ ಪಟ್ಟಿ ಇರಲಿಲ್ಲ. ಕೊರೋನಾ ಸಮಯದಲ್ಲಿ ನಮ್ಮ ಬೀದಿಯಲ್ಲೇ ನಾಲ್ಕೈದು ಮನೆಯಲ್ಲಿ ಇದ್ದ ಆ ಸಣ್ಣ ಯಂತ್ರ ಅಲ್ಲಿ ಇರಲಿಲ್ಲ. ಡಾಕ್ಟರ್ ಹಲ್ಲಿನ ಕಡೆ ನೋಡುತ್ತಿದ್ದರು, ಹುಡುಗಿ ನೀರು ಎಳೆಯುವ ಪೈಪ್ ಹಿಡಿದಿದ್ದಳು. ಅವ್ವನ ಉಸಿರನ್ನು ನೋಡುವವರು ಯಾರೂ ಇರಲಿಲ್ಲ. ಎರಡು ಸಲ ಕೆನ್ನೆ ತಟ್ಟಿ ‘ಅಮ್ಮಾ, ಅಮ್ಮಾ, ಕಣ್ಣು ಬಿಡಿ’ ಅಂದದ್ದು ಕೇಳಿಸಿತು. ನಾನು ಎದ್ದು ಒಳಗೆ ಹೋಗಬೇಕಿತ್ತು. ಹೋಗಲಿಲ್ಲ. ಅದು ಈಗಲೂ ಕಾಡುತ್ತದೆ.

ಹಲ್ಲು ಕಿತ್ತರು. ಹತ್ತಿ ಕಚ್ಚಿಸಿದರು. ‘ಮನೆಗೆ ಕರ್ಕೊಂಡು ಹೋಗಿ ಮಲಗಿಸಿ, ಸಂಜೆಗೆ ಸರಿ ಹೋಗ್ತಾರೆ’ ಅಂದರು. ನಾನು ಸ್ಕೂಟರ್‌ನಲ್ಲಿ ಬಂದಿದ್ದೆ. ಅದನ್ನು ನೋಡಿಯೂ ಯಾರೂ ಬೇಡ ಅನ್ನಲಿಲ್ಲ. ಅವ್ವನನ್ನು ಹಿಂದೆ ಕೂರಿಸಿಕೊಂಡು ಪಿ.ಬಿ. ರಸ್ತೆಗೆ ಬಂದೆ. ಒಂದು ಹಂಪ್ ಹತ್ತಿರ ಅವರ ತಲೆ ನನ್ನ ಬೆನ್ನಿಗೆ ಬಿತ್ತು, ಕೈ ಸಡಿಲ ಆಯಿತು. ಪಕ್ಕದಲ್ಲಿ ಲಾರಿ ಇತ್ತು. ಹೇಗೆ ನಿಲ್ಲಿಸಿದೆನೋ ಗೊತ್ತಿಲ್ಲ. ಹಣ್ಣಿನ ಗಾಡಿಯವರೊಬ್ಬರು ಓಡಿ ಬಂದು ಹಿಡಿದುಕೊಂಡರು, ಆಟೋ ನಿಲ್ಲಿಸಿ ಹತ್ತಿಸಿದರು. ಅವರ ಹೆಸರು ಕೇಳಲೂ ಆಗಲಿಲ್ಲ.

ಮನೆಯಲ್ಲಿ ಅಂಗಾತ ಮಲಗಿಸಿದೆ. ಗೊರಕೆ ಶುರುವಾಯಿತು. ಮಾಮೂಲಿ ಗೊರಕೆ ಅಲ್ಲ. ಒಂದಷ್ಟು ಹೊತ್ತು ಗೊರಗೊರ, ಆಮೇಲೆ ಏನೂ ಸದ್ದಿಲ್ಲ, ಆಮೇಲೆ ಒಮ್ಮೆಲೇ ಉಸಿರು ಎಳೆದುಕೊಳ್ಳುವುದು. ಪಕ್ಕದ ಮನೆ ಅಕ್ಕ ನರ್ಸ್. ಅವತ್ತು ಅವರಿಗೆ ನೈಟ್ ಡ್ಯೂಟಿ, ಹಗಲು ಮನೆಯಲ್ಲಿದ್ದರು. ಬಂದವರೇ ತುಟಿ ನೋಡಿದರು, ಬೆರಳಿಗೆ ಆಕ್ಸಿಮೀಟರ್ ಹಾಕಿದರು. ರಕ್ತದ ಆಕ್ಸಿಜನ್ ಮಟ್ಟ 86. ಸಾಮಾನ್ಯವಾಗಿ 95ರ ಮೇಲೆ ಇರಬೇಕು. ತಕ್ಷಣ ಅವ್ವನನ್ನು ಮಗ್ಗುಲಿಗೆ ತಿರುಗಿಸಿ, ಬಾಯಲ್ಲಿದ್ದ ಹತ್ತಿ ತೆಗೆದು, ಗದ್ದ ಮೇಲೆತ್ತಿ ಹಿಡಿದರು. 91 ಆಯಿತು. ನಿದ್ದೆ ಔಷಧ ಜಾಸ್ತಿಯಾದಾಗ ನಾಲಿಗೆ, ಗಂಟಲು ಸಡಿಲಾಗಿ ಹಿಂದಕ್ಕೆ ಬಿದ್ದು ಉಸಿರಿನ ದಾರಿ ಮುಚ್ಚುತ್ತದಂತೆ. 108ಕ್ಕೆ ಫೋನ್ ಮಾಡು ಅಂದರು.

ಆಸ್ಪತ್ರೆಯಲ್ಲಿ ಎಮರ್ಜೆನ್ಸಿ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ‘ಯಾವ ಮಾತ್ರೆ? ಎಷ್ಟು ಮಿಲಿಗ್ರಾಂ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಚೀಟಿ ಇಲ್ಲ, ಸ್ಟ್ರಿಪ್ ಇಲ್ಲ, ಬಿಲ್ಲಿನಲ್ಲಿ ‘ಎಕ್ಸ್‌ಟ್ರಾಕ್ಷನ್’ ಅಂತ ಒಂದೇ ಸಾಲು. ಕ್ಲಿನಿಕ್‌ಗೆ ಫೋನ್ ಮಾಡಿದರೆ ಮಧ್ಯಾಹ್ನದ ಹೊತ್ತು, ಯಾರೂ ಎತ್ತಲಿಲ್ಲ. ಡಯಾಜೆಪಾಮ್ ಗುಂಪಿನ ನಿದ್ದೆ ಮಾತ್ರೆಗಳ ಪರಿಣಾಮ ಇಳಿಸುವ ಔಷಧ ಇದೆ. ಆದರೆ ಕೊಟ್ಟಿದ್ದು ಏನು ಅಂತಲೇ ಗೊತ್ತಿಲ್ಲದೆ ಡಾಕ್ಟರ್ ಏನು ಮಾಡಬೇಕು? ಆಕ್ಸಿಜನ್ ಹಾಕಿ, ಮಾನಿಟರ್ ಹಚ್ಚಿ, ರಾತ್ರಿವರೆಗೂ ಕಾದರು. ಎಂಟು ಗಂಟೆಗೆ ಅವ್ವ ಕಣ್ಣು ಬಿಟ್ಟು ‘ಹಲ್ಲು ತಗದ್ರೇನು?’ ಅಂತ ಕೇಳಿದರು. ಕುರ್ಚಿ ಮೇಲೆ ಕೂತದ್ದು ಬಿಟ್ಟರೆ ಅವರಿಗೆ ಏನೂ ನೆನಪಿರಲಿಲ್ಲ.

ಎರಡು ದಿನ ಬಿಟ್ಟು ನಾನು ಕ್ಲಿನಿಕ್‌ಗೆ ಹೋಗಿ ಮಾತ್ರೆ ಹೆಸರು ಬರೆದು ಕೊಡಿ ಅಂದೆ. ‘ಮಾಮೂಲಿ ನಿದ್ದೆ ಮಾತ್ರೆ ಮೇಡಂ, ಎಲ್ಲರಿಗೂ ಕೊಡ್ತೀವಿ’ ಅಂದರು. ಬರೆದು ಕೊಡಲಿಲ್ಲ.

ಭಯ ಇರುವವರಿಗೆ ಔಷಧವೇ ಬೇಡ ಅಂತ ನಾನು ಹೇಳುತ್ತಿಲ್ಲ. ಸರಿಯಾಗಿ ಕೊಟ್ಟರೆ ಅದು ದೊಡ್ಡ ಉಪಕಾರ. ಅದು ಗೊತ್ತಾದದ್ದು ತಿಂಗಳ ನಂತರ, ಅವ್ವನ ಇನ್ನೊಂದು ಹಲ್ಲಿಗೆ ಬೇರೆ ಕಡೆ ಹೋದಾಗ. ಅಲ್ಲಿ ಮೊದಲ ದಿನ ಬಾಯಿಗೆ ಕೈಯನ್ನೇ ಹಾಕಲಿಲ್ಲ. ಇಪ್ಪತ್ತು ನಿಮಿಷ ಬರೀ ಮಾತು. ಗೊರಕೆ, ಮಾತ್ರೆಗಳು, ಅಲರ್ಜಿ, ಹಿಂದೆ ಆಗಿದ್ದು, ಎಲ್ಲ ಕೇಳಿ ಬರೆದುಕೊಂಡರು. ಆಮೇಲೆ ಏನೇನು ದಾರಿ ಇದೆ ಅಂತ ಬಿಡಿಸಿ ಹೇಳಿದರು.

ಮೂಗಿಗೆ ಸಣ್ಣ ಮಾಸ್ಕ್ ಇಟ್ಟು ಕೊಡುವ ನೈಟ್ರಸ್ ಆಕ್ಸೈಡ್ ಇದೆ, ಜನ ನಗೆ ಅನಿಲ ಅನ್ನುವುದು ಅದಕ್ಕೇ. ಆಕ್ಸಿಜನ್ ಜೊತೆ ಬೆರೆಸಿ ಕೊಡುತ್ತಾರೆ. ಮನುಷ್ಯ ಎಚ್ಚರವಾಗಿಯೇ ಇರುತ್ತಾನೆ, ಮಾತಾಡುತ್ತಾನೆ, ಭಯ ಮಾತ್ರ ದೂರ ಸರಿದ ಹಾಗೆ. ಹೆಚ್ಚಾಯಿತು ಅನಿಸಿದರೆ ಡಾಕ್ಟರ್ ಆಗಲೇ ಕಡಿಮೆ ಮಾಡಬಹುದು. ಕೊನೆಗೆ ಐದು ನಿಮಿಷ ಬರೀ ಆಕ್ಸಿಜನ್ ಕೊಟ್ಟರೆ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಮೂಗು ಕಟ್ಟಿದ್ದರೆ ಆಗುವುದಿಲ್ಲ, ಗರ್ಭಿಣಿಯರಿಗೆ ಮೊದಲ ತಿಂಗಳುಗಳಲ್ಲಿ ಕೊಡುವುದಿಲ್ಲ. ನಿದ್ದೆ ಔಷಧವನ್ನು ರಕ್ತನಾಳಕ್ಕೆ ಚುಚ್ಚಿ ಕೊಡುವುದು ಇನ್ನೊಂದು. ಅದಕ್ಕೆ ಹಲ್ಲು ನೋಡುವವರನ್ನು ಬಿಟ್ಟು, ರೋಗಿಯ ಉಸಿರು, ಬಿಪಿ, ಆಕ್ಸಿಜನ್ ನೋಡಲೆಂದೇ ತರಬೇತಿ ಆದ ಇನ್ನೊಬ್ಬರು ಇರಬೇಕು. ಪೂರ್ತಿ ಪ್ರಜ್ಞೆ ತಪ್ಪಿಸುವುದಾದರೆ ಆಪರೇಷನ್ ಥಿಯೇಟರ್, ಅರಿವಳಿಕೆ ಡಾಕ್ಟರ್ ಬೇಕೇ ಬೇಕು, ಆರು ಗಂಟೆ ಮುಂಚಿನಿಂದ ಊಟ ತಿಂಡಿ ಬಿಡಬೇಕು. ಇನ್ನು ಮಾತ್ರೆ. ಅದೂ ಒಳ್ಳೆಯ ದಾರಿಯೇ, ಲೆಕ್ಕ ಹಾಕಿ ಕೊಟ್ಟರೆ, ನೋಡಿಕೊಳ್ಳುವವರಿದ್ದರೆ.

ಒಂದು ಮಾತು ನನಗೆ ಹೊಸದು. ಪೂರ್ತಿ ಪ್ರಜ್ಞೆ ತಪ್ಪಿಸುವುದನ್ನು ಬಿಟ್ಟರೆ, ಇವು ಕಳೆಯುವುದು ಮುಖ್ಯವಾಗಿ ಭಯವನ್ನು. ನೋವಿಗೆ ಒಸಡಿನ ಇಂಜೆಕ್ಷನ್ ಬೇಕೇ ಬೇಕು. ಕೀವು ತುಂಬಿದ ಜಾಗದಲ್ಲಿ ಆ ಇಂಜೆಕ್ಷನ್ ಸರಿಯಾಗಿ ಹತ್ತುವುದಿಲ್ಲ, ಅದಕ್ಕೇ ಎಷ್ಟೋ ಜನ ‘ಮರಗಟ್ಟಿಸಿದ್ರೂ ನೋವಾಯ್ತು’ ಅನ್ನುವುದಂತೆ.

ಅವ್ವನಿಗೆ ಕೊನೆಗೆ ಯಾವುದೂ ಬೇಕಾಗಲಿಲ್ಲ. ಒಸಡಿಗೆ ಮೊದಲು ಜೆಲ್ ಸವರಿದರು, ಸೂಜಿ ಮದ್ದನ್ನು ತುಂಬಾ ನಿಧಾನವಾಗಿ ಬಿಟ್ಟರು. ‘ಎಡಗೈ ಎತ್ತಿ ಅಮ್ಮ, ನಾನು ನಿಲ್ಲಿಸ್ತೀನಿ’ ಅಂದರು. ಅವ್ವ ಪರೀಕ್ಷೆ ಮಾಡಲು ಅಂತಲೇ ಮೂರು ಸಲ ಎತ್ತಿದರು. ಮೂರು ಸಲವೂ ನಿಲ್ಲಿಸಿದರು.

ದಯವಿಟ್ಟು ಇಷ್ಟು ಮಾಡಿ. ಮಾತ್ರೆಯ ಹೆಸರು, ಡೋಸ್ ಚೀಟಿಯಲ್ಲಿ ಬರೆಸಿಕೊಳ್ಳದೆ ನುಂಗಬೇಡಿ. ಬೆರಳಿಗೆ ಆಕ್ಸಿಮೀಟರ್ ಎಲ್ಲಿ, ಆಕ್ಸಿಜನ್ ಸಿಲಿಂಡರ್ ಎಲ್ಲಿ ಅಂತ ಕೇಳಿ, ಸಂಕೋಚ ಬೇಡ. ‘ಹತ್ತಿಲ್ಲ’ ಅಂತ ಎರಡನೇ ಮಾತ್ರೆ ಕೊಡಲು ಬಂದರೆ ಅಲ್ಲಿಂದ ಎದ್ದು ಬನ್ನಿ, ಹಲ್ಲು ಇನ್ನೊಂದು ದಿನ ಕೀಳಿಸಬಹುದು. ಹಿಂದಿನ ದಿನ ಕುಡಿದಿದ್ದರೆ ಮುಚ್ಚಿಡಬೇಡಿ. ಜೊತೆಗೊಬ್ಬರು ಇರಲಿ, ಆಟೋ ಅಥವಾ ಕಾರಿನಲ್ಲೇ ಹೋಗಿ, ಮಾರನೇ ದಿನದವರೆಗೆ ಗಾಡಿ ಓಡಿಸಬೇಡಿ. ಮನೆಯಲ್ಲಿ ಮಗ್ಗುಲಾಗಿ ಮಲಗಿಸಿ, ಪಕ್ಕದಲ್ಲೇ ಕೂತಿರಿ.

ಮಕ್ಕಳ ವಿಷಯದಲ್ಲಿ ಇನ್ನೂ ಜಾಸ್ತಿ ಹುಷಾರು. ಅವರಿಗೆ ಡೋಸ್ ತೂಕದ ಲೆಕ್ಕದಲ್ಲಿ, ತೂಕ ನೋಡದೆ ಔಷಧ ಕೊಡುವವರ ಹತ್ತಿರ ಕೂರಬೇಡಿ. ಮಂಪರಿನಲ್ಲಿರುವ ಮಗುವನ್ನು ಬೈಕಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಹೋಗಬೇಡಿ. ತಲೆ ಮುಂದಕ್ಕೆ ಬಾಗಿ ಗದ್ದ ಎದೆಗೆ ತಾಗಿದರೆ ಉಸಿರು ಕಟ್ಟುತ್ತದೆ, ಗಾಡಿ ಸದ್ದಿನಲ್ಲಿ ನಿಮಗೆ ಕೇಳಿಸುವುದಿಲ್ಲ.

ನಿಮಗೂ ಹೀಗೆ ಆಗಿದ್ದರೆ ಕೆಳಗೆ ಬರೆಯಿರಿ. ಮಾತ್ರೆ ಹೆಸರು ಬರೆದುಕೊಟ್ಟ ಚೀಟಿ ಇದ್ದರೆ ಅದನ್ನು ಎಸೆಯಬೇಡಿ.