ಕ್ಯಾಲಿಪರ್ ಸೀಲ್: ಕಂಪನಿಯ ಕಿಟ್ಟೋ, ಹೊರಗಿನ ಕಿಟ್ಟೋ?

ಬ್ರೇಕ್ ಬಿಟ್ಟ ಮೇಲೂ ಬೈಕಿನ ಚಕ್ರ ಸಲೀಸಾಗಿ ತಿರುಗದಿದ್ದರೆ ಡಿಸ್ಕ್ ಬ್ರೇಕಿನ ಪ್ಯಾಡುಗಳನ್ನು ಒತ್ತುವ ಕ್ಯಾಲಿಪರ್‌ನ ಸೀಲಿನ ಮೇಲೆ ಅನುಮಾನಪಡಬೇಕು. ಕ್ಯಾಲಿಪರ್‌ನೊಳಗಿನ ಪಿಸ್ಟನ್ನನ್ನು ಹಿಂದಕ್ಕೆಳೆಯುವುದು ಸ್ಪ್ರಿಂಗ್ ಅಲ್ಲ, ಒತ್ತಡಕ್ಕೆ ಬಾಗಿ ಮತ್ತೆ ನೆಟ್ಟಗಾಗುವ ಆ ಚೌಕ ಅಂಚಿನ ರಬ್ಬರ್ ಉಂಗುರವೇ. ಬೈಕ್ ಕಂಪನಿಯದೇ ಸೀಲ್ ಕಿಟ್ ದುಬಾರಿ, ಹಳೆಯ ಮಾದರಿಗಳಿಗಾದರೆ ಕಾಯಲೂಬೇಕು. ಆದರೆ ಸರಿಯಾದ ಪಾರ್ಟ್ ನಂಬರ್ ಕೊಟ್ಟು ತರಿಸಿದರೆ ಅಳತೆಯ ಚಿಂತೆಯಿರುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಂತಹ ಬಿಡಿಭಾಗಗಳ ಪೇಟೆಯಲ್ಲಿ ಹೊರಗಿನ, ಅಂದರೆ ಬೇರೆ ತಯಾರಕರ ಕಿಟ್ ಕೊಳ್ಳುವವರು ಪಿಸ್ಟನ್ನಿನ ವ್ಯಾಸವನ್ನು ವರ್ನಿಯರ್‌ನಿಂದ ಅಳೆದುಕೊಂಡು, ರಬ್ಬರು ಬ್ರೇಕ್ ಆಯಿಲ್‌ಗೆ ಹೊಂದುವ ಇಪಿಡಿಎಂ ಜಾತಿಯದು ಹೌದೇ ಎಂದು ಕೇಳಲೇಬೇಕು, ಏಕೆಂದರೆ ಎಂಜಿನ್ ಆಯಿಲ್‌ಗೆ ಹೊಂದುವ ನೈಟ್ರೈಲ್ ರಬ್ಬರು ಡಾಟ್ 4 ದರ್ಜೆಯ ಬ್ರೇಕ್ ಆಯಿಲ್‌ನಲ್ಲಿ ಉಬ್ಬಿ ಪಿಸ್ಟನ್ನನ್ನು ಬಿಗಿಹಿಡಿಯಬಲ್ಲದು. ಚೌಕ ಅಂಚಿನ ಉಂಗುರದ ಬದಲು ದುಂಡಗಿನ ಅಂಚಿನ ಓ-ರಿಂಗ್ ಕೊಟ್ಟರೆ ಖಂಡಿತ ಬೇಡ. ಪಿಸ್ಟನ್ನಿನ ಮೇಲ್ಮೈ ತುಕ್ಕಿನಿಂದ ಗುಳಿಬಿದ್ದಿದ್ದರೆ ಎರಡೂ ಕಿಟ್ ವ್ಯರ್ಥ. ಮೊದಲು ಪಿಸ್ಟನ್ ಬದಲಿಸಬೇಕು. ಜೀವ ಕಾಯುವ ಭಾಗವಾದ್ದರಿಂದ, ಸಿಗುವಷ್ಟು ಕಾಲ ನಾನು ಆರಿಸುವುದು ಕಂಪನಿಯದನ್ನೇ.